ಫೈ ಚಿಪ್‌ನ ರೀಸೆಟ್ ಲೈನನ್ನು ಯಾವ ನೋಡ್‌ನಲ್ಲಿ ಬರೆಯಬೇಕು?

ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಬಂದ ಒಂದು ಬೋರ್ಡ್‌ನಲ್ಲಿ, ಲಿನಕ್ಸ್ ಕರ್ನಲನ್ನು ಯು-ಬೂಟ್ ಎಂಬ ಬೂಟ್‌ಲೋಡರ್ ಮೂಲಕ ಟಿಎಫ್‌ಟಿಪಿಯಿಂದ, ಅಂದರೆ ನೆಟ್‌ವರ್ಕ್ ಮೇಲಿಂದ, ತಂದು ಬೂಟ್ ಮಾಡಿದರೆ ಈಥರ್ನೆಟ್ ಸರಾಗವಾಗಿ ನಡೆಯುತ್ತಿತ್ತು. ಅದೇ ಕರ್ನಲನ್ನು ಬೋರ್ಡ್‌ನಲ್ಲೇ ಇರುವ ಇಎಂಎಂಸಿ ಫ್ಲ್ಯಾಶ್ ಸ್ಮರಣೆಯಿಂದ ಬೂಟ್ ಮಾಡಿದರೆ, ಈಥರ್ನೆಟ್ ತಂತಿಗೆ ಸಂಕೇತ ಕಳಿಸಿ ಪಡೆಯುವ ಫೈ ಚಿಪ್ಪೇ ಸಿಗಲಿಲ್ಲವೆಂಬ ದೋಷ ಬರುತ್ತಿತ್ತು. ಎರಡು ದಿನ ಡ್ರೈವರ್‌ನ ಸಾಲುಸಾಲನ್ನೂ ಜಾಲಾಡಿದ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ: ಮಲ್ಟಿಮೀಟರಿನ ಮೊನೆಯನ್ನು ಚಿಪ್‌ನ ರೀಸೆಟ್ ಪಿನ್‌ಗೆ ತಾಗಿಸಿದೆ. ಟಿಎಫ್‌ಟಿಪಿ ಬೂಟ್‌ನಲ್ಲಿ 3.3 ವೋಲ್ಟ್ ಇತ್ತು, ಇಎಂಎಂಸಿ ಬೂಟ್‌ನಲ್ಲಿ ಸೊನ್ನೆ. ಆ ಪಿನ್‌ಗೆ ಅದನ್ನು ಸೊನ್ನೆ ವೋಲ್ಟ್‌ಗೆ ಎಳೆಯುವ ಪುಲ್-ಡೌನ್ ರೆಸಿಸ್ಟರ್ ಹಾಕಿದ್ದರಿಂದ, ಯಾರಾದರೂ ಮೇಲೆತ್ತುವವರೆಗೆ ಚಿಪ್ ರೀಸೆಟ್‌ನಲ್ಲೇ ಇರುತ್ತಿತ್ತು. ಯು-ಬೂಟ್ ನೆಟ್‌ವರ್ಕ್ ಬಳಸಿದಾಗ ತನ್ನ ಅಗತ್ಯಕ್ಕಾಗಿ ಅದನ್ನು ಮೇಲೆತ್ತುತ್ತಿತ್ತು, ಕರ್ನಲ್ ಆ ಉಪಕಾರದಲ್ಲಿ ಬದುಕುತ್ತಿತ್ತು.

ತಪ್ಪು ನನ್ನದೇ ಆಗಿತ್ತು. ಬೋರ್ಡ್‌ನಲ್ಲಿ ಯಾವ ಯಂತ್ರಾಂಶ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಕಡತ ಡಿವೈಸ್ ಟ್ರೀ, ಅದರಲ್ಲಿ ಒಂದೊಂದು ಸಾಧನಕ್ಕೂ ಒಂದೊಂದು ನೋಡ್. ಹಳೆಯ ಡಿವೈಸ್ ಟ್ರೀಯಲ್ಲಿ ಈ ಲೈನ್, ಪ್ರೊಸೆಸರಿನೊಳಗಿನ ಈಥರ್ನೆಟ್ ನಿಯಂತ್ರಕವಾದ ಎಫ್‌ಇಸಿ ಮ್ಯಾಕ್‌ನ ನೋಡ್‌ನೊಳಗೆ ‘ಫೈ-ರೀಸೆಟ್-ಜಿಪಿಐಒಸ್’ ಎಂಬ ಹೆಸರಿನಲ್ಲಿತ್ತು (ಜಿಪಿಐಒ ಎಂದರೆ ತಂತ್ರಾಂಶ ಏರಿಳಿಸಬಲ್ಲ ಪಿನ್). ಆ ಪ್ರಾಪರ್ಟಿಯನ್ನು ಇನ್ನು ಬಳಸಬಾರದೆಂದು ಪ್ರಾಪರ್ಟಿಗಳ ನಿಯಮಗಳಿರುವ ಬೈಂಡಿಂಗ್ ದಾಖಲೆ ಹೇಳುತ್ತದೆ. ರೀಸೆಟ್ ಪಿನ್ ಇರುವುದು ಮ್ಯಾಕ್‌ಗಲ್ಲ, ಫೈಗೆ, ಹಾಗಾಗಿ ಅದು ಸರಿಯಾದ ಮಾತೇ. ನಾನು ವಿಧೇಯನಾಗಿ ಅದನ್ನು ಫೈ ನೋಡ್‌ಗೆ ‘ರೀಸೆಟ್-ಜಿಪಿಐಒಸ್’ ಎಂದು ಸ್ಥಳಾಂತರಿಸಿದೆ. ಆದರೆ ಎಫ್‌ಇಸಿ ಡ್ರೈವರ್, ಫೈ ಜೊತೆ ಮಾತಾಡುವ ಎಂಡಿಐಒ ಬಸ್ಸನ್ನು ನೋಂದಾಯಿಸುವ ಮೊದಲೇ ರೀಸೆಟ್ ಕೊಡುತ್ತಿತ್ತು. ಫೈ ನೋಡ್‌ನಲ್ಲಿ ಬರೆದಾಗ ಆ ಕ್ರಮ ತಿರುವುಮುರುವಾಗುತ್ತದೆ. ಕರ್ನಲ್ ಮೊದಲು ಚಿಪ್‌ನ 2 ಮತ್ತು 3ನೇ ರಿಜಿಸ್ಟರ್‌ಗಳಿಂದ ಐಡಿ ಓದುತ್ತದೆ, ಐಡಿ ಸಿಕ್ಕರೆ ಮಾತ್ರ ಡಿವೈಸನ್ನು ಸೃಷ್ಟಿಸುತ್ತದೆ, ಡಿವೈಸನ್ನು ನೋಂದಾಯಿಸುವಾಗಷ್ಟೇ ಅದರ ರೀಸೆಟ್ ಜಿಪಿಐಒ ಹಿಡಿಯುತ್ತದೆ. ರೀಸೆಟ್‌ನಲ್ಲಿರುವ ಚಿಪ್ ಉತ್ತರಿಸುವುದಿಲ್ಲ, ಪುಲ್-ಅಪ್ ಇರುವ ಎಂಡಿಐಒ ಲೈನ್‌ನಲ್ಲಿ ಎಲ್ಲ ಬಿಟ್‌ಗಳೂ 1 ಎಂದೇ ಕಾಣುತ್ತವೆ, ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ಕರ್ನಲ್ ಮುಂದೆ ಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ.

ಇದಕ್ಕೆ ಎರಡು ದಾರಿಗಳಿವೆ. ಫೈ ನೋಡ್‌ನ ‘ಕಂಪ್ಯಾಟಿಬಲ್’ನಲ್ಲಿ ಚಿಪ್‌ನ ಐಡಿಯನ್ನೇ ಬರೆದುಬಿಟ್ಟರೆ ಕರ್ನಲ್ ಅದನ್ನು ಓದುವ ಗೋಜಿಗೆ ಹೋಗದೆ ಡಿವೈಸ್ ಸೃಷ್ಟಿಸಿ, ಬಳಿಕ ರೀಸೆಟ್ ಬಿಡಿಸುತ್ತದೆ. ನನಗೆ ಇದು ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ಮುಂದಿನ ಕಂತಿನ ಬೋರ್ಡ್‌ಗಳಿಗೆ ಆ ಚಿಪ್ ಸಿಗದೆ ಅದೇ ಪಿನ್‌ಗಳ ಬೇರೊಂದನ್ನು ಕೂರಿಸಿದರೆ, ಡಿವೈಸ್ ಟ್ರೀ ಸುಳ್ಳು ಹೇಳತೊಡಗುತ್ತದೆ. ಇನ್ನೊಂದು ದಾರಿಯೆಂದರೆ ‘ರೀಸೆಟ್-ಜಿಪಿಐಒಸ್’ ಅನ್ನು ಎಂಡಿಐಒ ಬಸ್‌ನ ನೋಡ್‌ನಲ್ಲಿ ಬರೆಯುವುದು. ಆಗ ಬಸ್ಸಿನಲ್ಲಿ ಚಿಪ್‌ಗಳನ್ನು ಹುಡುಕುವ ಮುನ್ನವೇ ರೀಸೆಟ್ ಪಲ್ಸ್ ಹೋಗುತ್ತದೆ.

ಆದರೆ ಬಸ್‌ನ ನೋಡ್‌ನಲ್ಲಿ ಬರೆದರೆ, ಆ ಬಸ್ಸಿನ ಎಲ್ಲ ಚಿಪ್‌ಗಳಿಗೂ ಇದೊಂದೇ ಲೈನ್ ಎಂದು ಹೇಳಿದಂತಾಗುತ್ತದೆ. ಎರಡು ಫೈಗಳಿಗೆ ಎರಡು ಪ್ರತ್ಯೇಕ ಲೈನ್‌ಗಳಿದ್ದರೆ ಅದು ಹೊಂದುವುದಿಲ್ಲ. ಒಂದೇ ಲೈನ್ ಎರಡು ಫೈಗಳಿಗೆ ಹೋಗಿದ್ದರೆ ಬಸ್‌ನ ನೋಡೇ ಅದಕ್ಕೆ ಸಹಜ ಸ್ಥಳ. ಎರಡೂ ಫೈ ನೋಡ್‌ಗಳಲ್ಲಿ ಬರೆದರೆ ಮೊದಲನೆಯದು ಜಿಪಿಐಒ ಹಿಡಿದುಕೊಳ್ಳುತ್ತದೆ, ಎರಡನೆಯದಕ್ಕೆ ‘ಇಬಿಝಿ’ (ಈಗಾಗಲೇ ಬಳಕೆಯಲ್ಲಿದೆ) ಎಂಬ ದೋಷ ಸಿಗುತ್ತದೆ.

ಸಮಯದ ವಿಷಯದಲ್ಲಿ ಊಹೆಗೆ ಎಡೆಯಿಲ್ಲ. ಬಸ್‌ನ ನೋಡ್‌ನಲ್ಲಿ ‘ರೀಸೆಟ್-ಡಿಲೇ-ಯುಎಸ್’ ಬರೆಯದಿದ್ದರೆ ಕರ್ನಲ್ ಲೈನನ್ನು ಹಿಡಿಯುವುದು ಬರೀ 10 ಮೈಕ್ರೋಸೆಕೆಂಡ್. ಫೈ ನೋಡ್‌ನಲ್ಲಿ ‘ರೀಸೆಟ್-ಅಸರ್ಟ್-ಯುಎಸ್’ ಬಿಟ್ಟರೆ ಅಷ್ಟೂ ಕಾಯುವುದಿಲ್ಲ. ಕೆಎಸ್‌ಝಡ್9031 ಎಂಬ ಫೈ ಚಿಪ್‌ನ ಡೇಟಾಶೀಟ್, ವಿದ್ಯುತ್ ಸ್ಥಿರವಾದ ಮೇಲೆ ಕನಿಷ್ಠ 10 ಮಿಲಿಸೆಕೆಂಡ್ ರೀಸೆಟ್ ಹಿಡಿದಿರಬೇಕು, ಬಿಟ್ಟ ಮೇಲೆ ಎಂಡಿಐಒ ಮುಟ್ಟುವ ಮೊದಲು ಕನಿಷ್ಠ 100 ಮೈಕ್ರೋಸೆಕೆಂಡ್ ಕಾಯಬೇಕು ಎನ್ನುತ್ತದೆ. ಎಫ್‌ಇಸಿಯ ಹಳೆಯ ‘ಫೈ-ರೀಸೆಟ್-ಡ್ಯುರೇಶನ್’ ಮಿಲಿಸೆಕೆಂಡ್‌ಗಳಲ್ಲಿತ್ತು, ಹೊಸ ಪ್ರಾಪರ್ಟಿಗಳು ಮೈಕ್ರೋಸೆಕೆಂಡ್‌ಗಳಲ್ಲಿವೆ. ಸಂಖ್ಯೆಯನ್ನು ಹಾಗೇ ನಕಲು ಮಾಡಿ ಸಾವಿರ ಪಟ್ಟು ತಪ್ಪುವುದು ಬಹಳ ಸುಲಭ.

ಹಳೆಯ ಪ್ರಾಪರ್ಟಿ ಬಚ್ಚಿಟ್ಟಿದ್ದ ಇನ್ನೊಂದು ಹುಳುಕು ಧ್ರುವತೆಯದು. ಎಫ್‌ಇಸಿ ಡ್ರೈವರ್ ಜಿಪಿಐಒ ಜೊತೆಗಿದ್ದ ಫ್ಲ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಬೇರೆ ಪ್ರಾಪರ್ಟಿಯೊಂದು ಇಲ್ಲದಿದ್ದರೆ ಲೈನನ್ನು ಆಕ್ಟಿವ್-ಲೋ (ಕೆಳಗಿಳಿಸಿದಾಗ ರೀಸೆಟ್) ಎಂದೇ ಭಾವಿಸುತ್ತಿತ್ತು. ಹೀಗಾಗಿ ಫ್ಲ್ಯಾಗ್ ತಪ್ಪಾಗಿ ಆಕ್ಟಿವ್-ಹೈ ಎಂದಿದ್ದರೂ ಬೋರ್ಡ್ ವರ್ಷಗಟ್ಟಲೆ ಓಡುತ್ತಿತ್ತು. ಹೊಸ ಜಾಗದಲ್ಲಿ ಫ್ಲ್ಯಾಗ್ ಹೇಳಿದ್ದೇ ಶಾಸನ: ಕರ್ನಲ್ ರೀಸೆಟ್ ಬಿಡಿಸುತ್ತಿದ್ದೇನೆಂದುಕೊಂಡು ಲೈನನ್ನು ಕೆಳಗಿಳಿಸಿ, ಚಿಪ್ಪನ್ನು ಶಾಶ್ವತವಾಗಿ ರೀಸೆಟ್‌ನಲ್ಲಿ ಕೂರಿಸುತ್ತದೆ. ನನ್ನ ಬೋರ್ಡ್‌ನಲ್ಲಿ ಫ್ಲ್ಯಾಗ್ ಅದೃಷ್ಟವಶಾತ್ ಸರಿಯಿತ್ತು.

ಆ ಬೋರ್ಡ್‌ನಲ್ಲಿ ಇದ್ದದ್ದು ಒಂದೇ ಫೈ. ಆದ್ದರಿಂದ ಲೈನನ್ನು ಬಸ್‌ನ ನೋಡ್‌ಗೆ ತಂದು, ಹಿಡಿಯಲು 10000, ಬಿಟ್ಟ ಮೇಲೆ ಕಾಯಲು 1000 ಎಂದು ಬರೆದೆ. ಯು-ಬೂಟ್‌ನಲ್ಲಿ ನೆಟ್‌ವರ್ಕನ್ನು ಪೂರ್ತಿ ತೆಗೆದುಹಾಕಿ ಇಎಂಎಂಸಿಯಿಂದ ಬೂಟ್ ಮಾಡಿದಾಗ ಲಿಂಕ್ ದೀಪ ಹತ್ತಿತು.