ಬಂದೇ ನವಾಜರ ಕಾಲಪಟ್ಟಿ: 3 ಮೀಟರ್ ಕಾಗದ, ಎರಡು ಕ್ಯಾಲೆಂಡರ್

ಕಾಲಪಟ್ಟಿಯ ಕೆಲಸ ಈ ತಿಂಗಳು ಅರ್ಧ ದಾಟಿತು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾ ಹೇಗೆ ಹುಟ್ಟಿತು ಅನ್ನುವುದನ್ನು ಒಂದೇ ಉದ್ದನೆಯ ಕಾಗದದ ಮೇಲೆ ತೋರಿಸಬೇಕು ಎಂಬುದು ನನ್ನ ಆಸೆ. ಚಿಕ್ಕಂದಿನಿಂದ ಉರುಸಿಗೆ, ಅಂದರೆ ಅವರ ಪುಣ್ಯತಿಥಿಯ ಜಾತ್ರೆಗೆ, ಹೋಗುತ್ತಿದ್ದೇನೆ. ಆದರೆ ದೆಹಲಿಯ ಪೀರ್, ಅಂದರೆ ಸೂಫಿ ಗುರು, ಒಬ್ಬರು ಇಷ್ಟು ದೂರ ಯಾಕೆ ಬಂದರು ಎಂದು ಯಾರಾದರೂ ಕೇಳಿದರೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ.

ಶುರುವಾಗಿದ್ದು ಒಂದು ಅಂಕಿಯಿಂದ. ಪಕ್ಕದ ಮನೆಯ ಖಾಲಾ "ಹಜರತ್ ನೂರಾ ನಾಲ್ಕು ವರ್ಷ ಇದ್ದರಪ್ಪಾ" ಎನ್ನುತ್ತಾರೆ. ಪುಸ್ತಕದಲ್ಲಿ ಬಂದೇ ನವಾಜರ ಜನನ 1321, ಮರಣ 1422 ಎಂದಿದೆ. ಕಳೆದರೆ 101. ಮೂರು ವರ್ಷ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಹುಟ್ಟಿದ್ದು ಮುಸ್ಲಿಂ ಕ್ಯಾಲೆಂಡರ್ ಆದ ಹಿಜರಿಯ 721ರ ರಜಬ್ 4, ತೀರಿಕೊಂಡಿದ್ದು 825ರ ಜಿಲ್ಕಾದ್ 16. ಚಂದ್ರನ ವರ್ಷಕ್ಕೆ 354 ಅಥವಾ 355 ದಿನ ಮಾತ್ರ. ಆ ಲೆಕ್ಕದಲ್ಲಿ 104 ವರ್ಷ, ನಮ್ಮ ಲೆಕ್ಕದಲ್ಲಿ 101. ಖಾಲಾ ಹೇಳಿದ್ದೂ ಸರಿ, ಪುಸ್ತಕವೂ ಸರಿ. ಅವತ್ತೇ ತೀರ್ಮಾನಿಸಿದೆ, ಪಟ್ಟಿಯಲ್ಲಿ ಎರಡು ಸಾಲು ಇರಲೇಬೇಕು. ಮೇಲೆ ಹಿಜರಿ, ಕೆಳಗೆ ಇಸವಿ.

ಒಂದು ಇಸವಿಗೆ 3 ಸೆಂಟಿಮೀಟರ್ ಇಟ್ಟುಕೊಂಡೆ. ಹಿಜರಿ ವರ್ಷಕ್ಕೆ 2.9 ಸಾಕು ಎಂದು ಬಣ್ಣದ ಕಾಗದದ ತುಂಡುಗಳನ್ನು ಕತ್ತರಿಸಿ ಅಂಟಿಸುತ್ತಾ ಹೋದೆ. ಕೊನೆ ಮುಟ್ಟಿದಾಗ ಮೇಲಿನ ಸಾಲು 1 ಸೆಂಟಿಮೀಟರ್‌ಗಿಂತ ಜಾಸ್ತಿ ಗಿಡ್ಡವಾಗಿತ್ತು. ಅಂದರೆ ನಾಲ್ಕು ತಿಂಗಳಿಗೂ ಮೀರಿದ ತಪ್ಪು. ನಿಜವಾದ ಅಳತೆ 2.91. ಅಷ್ಟು ಸಣ್ಣ ವ್ಯತ್ಯಾಸ ನೂರು ಸಲ ಸೇರಿದರೆ ಹೀಗಾಗುತ್ತದೆ. ಎಲ್ಲವನ್ನೂ ಕಿತ್ತೆ. ಈಗ ತುಂಡು ಅಂಟಿಸುವುದಿಲ್ಲ. 33 ಹಿಜರಿ ವರ್ಷ ಹೆಚ್ಚುಕಡಿಮೆ 32 ಇಸವಿಗೆ ಸಮ. ಹಾಗಾಗಿ ಪ್ರತಿ 96 ಸೆಂಟಿಮೀಟರ್‌ಗೆ ಒಂದು ದೊಡ್ಡ ಗೆರೆ ಎಳೆದು, ನಡುವಿನ ಜಾಗವನ್ನು 33 ಭಾಗ ಮಾಡುತ್ತಿದ್ದೇನೆ. ಇಂಥ ಕೆಲಸ ಮಾಡುವವರಿಗೆ ಈ ದಾರಿಯನ್ನೇ ಹೇಳುತ್ತೇನೆ.

ಗೆರೆ ಸರಿಹೋದ ಮೇಲೆ ಜೀವನವನ್ನು ತುಂಬಲು ಕೂತೆ. ಪಟ್ಟಿಯ ಎಡತುದಿಯಲ್ಲೇ ನನಗೆ ಗೊತ್ತಿಲ್ಲದ ಒಂದು ವಿಷಯ ಸಿಕ್ಕಿತು. ಸಯ್ಯದ್ ಮುಹಮ್ಮದ್ ಹುಸೇನಿ, ಅದೇ ಬಂದೇ ನವಾಜರ ನಿಜ ಹೆಸರು, ದಖ್ಖನ್ನಿಗೆ ಬಂದಿದ್ದು ಮುಪ್ಪಿನಲ್ಲಿ ಮಾತ್ರ ಅಲ್ಲ. ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ದೌಲತಾಬಾದಿಗೆ ಸಾಗಿಸಿದಾಗ ಅವರ ಮನೆಯವರೂ ಬಂದರು. ಆಗ ಅವರು ಸಣ್ಣ ಹುಡುಗ. ತಂದೆ ಅಲ್ಲೇ ತೀರಿಕೊಂಡರು. ಸಮಾಧಿ ಖುಲ್ದಾಬಾದಿನಲ್ಲಿದೆ. ಹದಿನೈದರ ಸುಮಾರಿಗೆ ಹುಡುಗ ದೆಹಲಿಗೆ ವಾಪಸ್ಸಾಗಿ ನಸೀರುದ್ದೀನ್ ಚಿರಾಗ್ ದೆಹಲಿಯವರ ಮುರೀದ್, ಅಂದರೆ ಶಿಷ್ಯ, ಆದರು. ಗುರುವಿನ ಪಲ್ಲಕ್ಕಿ ಹೊರುವಾಗ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡರೂ ತುಟಿ ಬಿಚ್ಚದೆ ನಡೆದರಂತೆ. ಅದಕ್ಕೇ ಗೇಸೂದರಾಜ್, ಉದ್ದ ಕೂದಲಿನವರು ಎಂಬ ಹೆಸರು ಬಂತು ಎನ್ನುತ್ತಾರೆ. 1356ರಲ್ಲಿ ಗುರು ತೀರಿಕೊಂಡರು. ಅಲ್ಲಿಂದ ಪಟ್ಟಿಯಲ್ಲಿ ಒಂದು ಮೀಟರಿಗೂ ಮೀರಿ ದೆಹಲಿಯೇ ದೆಹಲಿ.

ಆಮೇಲೆ 1398. ತೈಮೂರನ ಸೈನ್ಯ ಬಂತು. ಡಿಸೆಂಬರ್‌ನಲ್ಲಿ ಬಂದೇ ನವಾಜರು ದೆಹಲಿ ಬಿಟ್ಟರು. ಹಿಜರಿ ಲೆಕ್ಕದಲ್ಲಿ ವಯಸ್ಸು ಹತ್ತಿರ ಹತ್ತಿರ 80. ಗ್ವಾಲಿಯರ್, ಚಂದೇರಿ, ಬರೋಡಾ, ಖಂಬಾತ್ ದಾಟಿ ದೌಲತಾಬಾದಿಗೆ, ತಂದೆಯ ಸಮಾಧಿಯ ಹತ್ತಿರಕ್ಕೆ ಬಂದರು. ಈ ದಾರಿಯನ್ನು ಹಸಿರು ನೂಲಿನಿಂದ ಹೊಲಿದಿದ್ದೇನೆ. ಬಾಲ್ಯದ ದೌಲತಾಬಾದಿನ ಗುರುತಿಗೂ ಅದೇ ನೂಲು. ಎರಡರ ನಡುವೆ ಎರಡು ಮೀಟರಿನಷ್ಟು ಕಾಗದ. ಅಪ್ಪನನ್ನು ಮಣ್ಣು ಮಾಡಿದ ಊರಿಗೆ ಅಷ್ಟು ವರ್ಷದ ಮೇಲೆ ಮರಳಿ ಬಂದ ಮುದುಕರನ್ನು ನೆನೆದು ನೂಲು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅಲ್ಲಿಂದ ಗುಲ್ಬರ್ಗಕ್ಕೆ ಬಂದಿದ್ದು 1400ರ ಆಸುಪಾಸು. ಊರು ಆಗ ಬಹಮನಿ ರಾಜಧಾನಿ. ಪೀರ್ ಇಲ್ಲದ ಊರೇನೂ ಅಲ್ಲ. ಈಗ ಊರಿನ ಶೇಖ್ ರೋಜಾದಲ್ಲಿ ಸಮಾಧಿ ಇರುವ ಸಿರಾಜುದ್ದೀನ್ ಜುನೈದಿಯವರು ಅದಾಗಲೇ ಬದುಕಿ ಹೋಗಿದ್ದರು. ಸುಲ್ತಾನ ಫಿರೋಜ್ ಶಾಹ ಮೊದಲು ಬಂದೇ ನವಾಜರನ್ನು ಆದರದಿಂದ ಬರಮಾಡಿಕೊಂಡ. ಆಮೇಲೆ ಮನಸ್ಸು ಕೆಟ್ಟಿತು. ಕೋಟೆಯ ಪಕ್ಕದ ಖಾನ್‌ಖಾಗೆ, ಅಂದರೆ ಸೂಫಿ ಮಠಕ್ಕೆ, ಜನ ಮುಗಿಬೀಳುವುದು ಅವನಿಗೆ ಹಿಡಿಸಲಿಲ್ಲ. ಜಾಗ ಬದಲಿಸಿ ಎಂದು ಹೇಳಿಕಳಿಸಿದ. ಅವರು ಎದ್ದು ಬಂದು ನೆಲೆನಿಂತ ಜಾಗವೇ ಇವತ್ತಿನ ದರ್ಗಾ. ಕೋಟೆಯಿಂದ ದೂರ ಇರಲಿ ಎಂದು ಸುಲ್ತಾನ ಕಳಿಸಿದ ಕಡೆಗೆ ಆರು ನೂರು ವರ್ಷದಿಂದ ಜನ ಹೋಗುತ್ತಿದ್ದಾರೆ, ಅಲ್ವಾ.

ಮಗನಿಗೆ ಪಟ್ಟ ಕಟ್ಟಬೇಕು, ಆಶೀರ್ವದಿಸಿ ಎಂದು ಫಿರೋಜ್ ಕೇಳಿದಾಗ, ಪಟ್ಟ ನಿನ್ನ ತಮ್ಮ ಅಹ್ಮದನಿಗೆ ಎಂದರಂತೆ. ಹಾಗೆಯೇ ಆಯಿತು. ಇಲ್ಲಿ ಪಟ್ಟಿ ತುಂಬಾ ಕಿಕ್ಕಿರಿದಿದೆ. 1422ರ ಸೆಪ್ಟೆಂಬರ್ 22ಕ್ಕೆ ಅಹ್ಮದ್ ಶಾಹನ ಪಟ್ಟ. ಕೆಲವೇ ದಿನಗಳಲ್ಲಿ ಫಿರೋಜನ ಸಾವು. ನವೆಂಬರ್ 1ಕ್ಕೆ ಬಂದೇ ನವಾಜರ ಸಾವು. ಪಟ್ಟಕ್ಕೂ ಪೀರ್ ಹೋಗಿದ್ದಕ್ಕೂ ನಡುವೆ 40 ದಿನ. ನನ್ನ ಅಳತೆಯಲ್ಲಿ 3 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ! ಬರೆಯಲು ಜಾಗ ಸಾಲದೆ ಈ ಒಂದು ವರ್ಷವನ್ನು ದೊಡ್ಡದು ಮಾಡಿ ಪ್ರತ್ಯೇಕ ಹಾಳೆಯಲ್ಲಿ ಬಿಡಿಸುತ್ತಿದ್ದೇನೆ.

ಆ ಹಾಳೆಯಲ್ಲಿ ಎರಡು ಗುಮ್ಮಟ ಬರಬೇಕು. ಒಂದು ಬಹಮನಿ ಸುಲ್ತಾನರ ಸಮಾಧಿಗಳಿರುವ ಹಫ್ತ್ ಗುಂಬಜ್‌ನಲ್ಲಿರುವ ಫಿರೋಜನದು, ಎರಡು ಕೋಣೆಗಳದ್ದು. ಇನ್ನೊಂದು ದರ್ಗಾದ್ದು, ಎರಡು ಅಂತಸ್ತಿನ ಕಮಾನುಗಳ ಗೋಡೆ ಇರುವುದು. ಫಿರೋಜನ ಗುಮ್ಮಟದ ಚಿತ್ರ ಮುಗಿದಿದೆ. ದರ್ಗಾದ ಕಮಾನುಗಳು ಇನ್ನೂ ಪೆನ್ಸಿಲ್‌ನಲ್ಲಿವೆ. ಒಳಗಿನ ಕನ್ನಡಿ ಕೆಲಸ, ಆವರಣದಲ್ಲಿ ಬಿಜಾಪುರದ ಅಫ್ಜಲ್ ಖಾನ್ ಕಟ್ಟಿಸಿದ ಮಸೀದಿ, ಇವೆಲ್ಲ ಮುಂದಿನ ಕಾಲದವು. ಬಿಟ್ಟಿದ್ದೇನೆ.

ಪಟ್ಟಿಯನ್ನು 1422ಕ್ಕೆ ನಿಲ್ಲಿಸುವ ಯೋಚನೆ ಇತ್ತು. ಈಗ ಬಲಕ್ಕೆ ಇನ್ನೊಂದು ಅರ್ಧ ಮೀಟರ್ ಕಾಗದ ಅಂಟಿಸಿದೆ. ಅಹ್ಮದ್ ಶಾಹ ಪೀರರ ಮನೆತನಕ್ಕೆ ಊರುಗಳನ್ನು ಬಿಟ್ಟುಕೊಟ್ಟ. ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ದರ್ಗಾ ಇಲ್ಲೇ ಉಳಿಯಿತು. ಬೀದರಿನ ಗೆರೆಯನ್ನು ಕೆಂಪು ನೂಲಿನಲ್ಲಿ ಹೊಲಿಯಬೇಕು. ಉರುಸಿನ ಮೊದಲ ದಿನ, ಜಿಲ್ಕಾದ್ 15ಕ್ಕೆ, ಸಂದಲ್, ಅಂದರೆ ಗಂಧದ, ಮೆರವಣಿಗೆ ಹೊರಡುವ ಮುಂಚೆ ಪಟ್ಟಿಯನ್ನು ಸುತ್ತಿಕೊಂಡು ಹೋಗಿ ಖಾಲಾ ಮನೆಯ ಪಡಸಾಲೆಯಲ್ಲಿ ಬಿಚ್ಚಿ ತೋರಿಸುತ್ತೇನೆ. ಮೇಲಿನ ಸಾಲಿನ 104 ಅವರಿಗೆ.