ಮಾಡಿನ ಮೇಲೊಂದು ಮಕ್ಕಿ ಗದ್ದೆ

ಬ್ಯಾಂಕಾಕಿನಿಂದ ಉತ್ತರಕ್ಕೆ ರೈಲು ಹಿಡಿದು ರಂಗ್ಸಿತ್‌ನಲ್ಲಿ ಇಳಿದೆ. ಅಲ್ಲಿಂದ ಟ್ಯಾಕ್ಸಿ. ಥಮ್ಮಸಾತ್ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಾಗ ನಾನು ನೋಡಲು ಬಂದ ಕಟ್ಟಡ ಯಾವುದೆಂದೇ ತಿಳಿಯಲಿಲ್ಲ. ಎದುರಿಗಿದ್ದದ್ದು ಹಸಿರು ಗುಡ್ಡ! ಅದರ ಹೊಟ್ಟೆಯಲ್ಲಿ ಸಭಾಂಗಣ, ಬೆನ್ನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಭತ್ತ, ತರಕಾರಿ. ಒಟ್ಟು 22,000 ಚದರ ಮೀಟರ್ ಹಸಿರು ಮಾಡು. ಬೇಸಾಯಕ್ಕೆ ಸುಮಾರು 7,000. 2019ರಲ್ಲಿ ಸಿದ್ಧವಾದ ಇದನ್ನು ರೂಪಿಸಿದವರು ಥಾಯ್ ಭೂದೃಶ್ಯ ವಿನ್ಯಾಸಕಿ ಕೋಚಕಾರ್ನ್ ವೋರಾಖೋಮ್.

ಮಲೆನಾಡಿನ ಮಕ್ಕಿ ಗದ್ದೆಯಲ್ಲಿ, ಅಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆಯಲ್ಲಿ, ಕೆಸರು ತುಳಿದು ಬೆಳೆದವಳು ನಾನು. ಹತ್ತುವಾಗ ಕಣ್ಣು ನೀರಿನ ದಾರಿಯನ್ನೇ ಹುಡುಕುತ್ತಿತ್ತು. ಬರೀ ಕಾಂಕ್ರೀಟ್ ತಾರಸಿಯಾದರೆ ಬಿದ್ದ ಮಳೆಯೆಲ್ಲ ಒಂದೇ ಉಸಿರಿಗೆ ಚರಂಡಿಗೆ ನುಗ್ಗುತ್ತದೆ. ಇಲ್ಲಿ ಅಂಕುಡೊಂಕಾಗಿ ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿಯುತ್ತ ಮಣ್ಣಿಗೆ ಇಂಗುತ್ತದೆ. ಮಿಕ್ಕಿದ್ದು ಬುಡದ ನಾಲ್ಕು ಕೆರೆಗಳಿಗೆ. ಬೇಸಿಗೆಯಲ್ಲಿ ಅದೇ ನೀರು ಸೌರ ಪಂಪಿನಲ್ಲಿ ಮೇಲೇರುತ್ತದೆ. 2011ರ ಮಹಾಪೂರದಲ್ಲಿ ಈ ಆವರಣವೇ ಮುಳುಗಿತ್ತು. ಮೊದಲು ಇದೆಲ್ಲ ಕಾಲುವೆ ನೀರುಂಡ ಭತ್ತದ ಬಯಲು. ಕಟ್ಟಡ ನುಂಗಿದ ಗದ್ದೆಯನ್ನು ಕಟ್ಟಡದ ತಲೆಯ ಮೇಲೇ ತಂದಿಟ್ಟಿದ್ದಾರೆ ಅನ್ನಿಸಿ ಗಂಟಲು ಕಟ್ಟಿತು.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ನಾಲ್ಕು ಕುಂಡ ಇಡಲು ಸಂಘದವರು ಬಿಡಲಿಲ್ಲ, ಸ್ಲ್ಯಾಬ್ ಸೋರುತ್ತದೆಂದು. ಅವರ ಭಯ ಸುಳ್ಳಲ್ಲ. ಒದ್ದೆ ಮಣ್ಣಿನ ಭಾರ ಹೊರುವ ಲೆಕ್ಕ, ನೀರು ತಡೆಯುವ ಪದರ, ಬೇರು ತಡೆಯುವ ಪದರ ಇವೆಲ್ಲ ನಕ್ಷೆ ಬರೆಯುವಾಗಲೇ ಇರಬೇಕು. ಗಿಡದ ಯೋಚನೆ ಕಟ್ಟಿ ಮುಗಿದ ಮೇಲೆ ಬಂದರೆ ಹೆಚ್ಚಾಗಿ ಕುಂಡಗಳಲ್ಲೇ ನಿಲ್ಲಬೇಕಾಗುತ್ತದೆ.

ಒಂದು ಮಡಿಯಲ್ಲಿ ನಮ್ಮ ತುಳಸಿಯ ಒಡಹುಟ್ಟು, ಥಾಯ್ ಅಡುಗೆಯ ಕಪ್ರಾವ್. ಎಲೆ ಹೊಸಕಿದೆ. ಲವಂಗದ ಘಾಟು, ಬೆರಳಲ್ಲಿ ಸಂಜೆಯವರೆಗೂ ಉಳಿಯಿತು. ಇಲ್ಲಿಯ ಬೆಳೆ ಕ್ಯಾಂಪಸ್ಸಿನ ಕ್ಯಾಂಟೀನಿಗೆ, ಅಲ್ಲಿಯ ಎಂಜಲು ಗೊಬ್ಬರವಾಗಿ ಮತ್ತೆ ಇಲ್ಲಿಗೆ.

ತುದಿಯಲ್ಲಿ ಕೂತು ಅಪ್ಪನಿಗೆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

"ಅಂಚು ಚೆನ್ನಾಗಿ ಕಟ್ಟಿದಾರೆ. ನೀರು ಇಳಿಯೋಕೆ ಕಂಡಿ ಎಲ್ಲಿ ಬಿಟ್ಟಿದಾರೆ ಮಗಾ?"

"ಇರಿ ಅಪ್ಪಯ್ಯ, ತೋರಿಸ್ತೀನಿ" ಎಂದು ಫೋನ್ ಹಿಡಿದು ಒಂದು ಮೆಟ್ಟಿಲು ಕೆಳಗಿಳಿದೆ.