ಯೂಫ್‌ನಿಂದ ಬಿವಿಯೊಗೆ, ಸ್ಟಾಲರ್‌ಬೆರ್ಗ್ ದಾಟಿ

ಯುರೋಪಿನಲ್ಲಿ ವರ್ಷವಿಡೀ ಜನ ವಾಸಿಸುವ ಅತಿ ಎತ್ತರದ ಹಳ್ಳಿ ಎಂದು ಸ್ವಿಟ್ಜರ್‌ಲೆಂಡಿನ ಯೂಫ್‌ಗೆ ಹೆಸರು. ಎತ್ತರ 2,126 ಮೀಟರ್, ಜನಸಂಖ್ಯೆ ಮೂವತ್ತರ ಆಸುಪಾಸು. ಬರುವವರು ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡು ಅದೇ ಬಸ್ಸಿಗೆ ಮರಳಿಬಿಡುತ್ತಾರೆ. ಈ ಊರು ಅರ್ಥವಾಗಬೇಕಾದರೆ ಬಂದ ದಾರಿಯಲ್ಲಿ ಹಿಂತಿರುಗದೆ, ಊರ ಹಿಂದಿನ ಸ್ಟಾಲರ್‌ಬೆರ್ಗ್ ಘಟ್ಟ ದಾಟಿ ಆಚೆ ಬದಿಯ ಬಿವಿಯೊ ಹಳ್ಳಿಗೆ ಹೋಗಬೇಕು.

ಯೂಫ್‌ಗೆ ಬರಲು ಚೂರ್‌ನಿಂದ ಥೂಸಿಸ್‌ವರೆಗೆ ರೈಲು, ಅಲ್ಲಿಂದ ಆಂಡೇರ್, ಆಂಡೇರ್‌ನಿಂದ ಹಳದಿ ಅಂಚೆ ಬಸ್ಸು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ಬ್ರೆಡ್ಡು, ಹಣ್ಣು, ಚೀಸ್ ಥೂಸಿಸ್‌ನಲ್ಲೇ ಕೊಂಡುಬಿಡಿ. ಸಸ್ಯಾಹಾರಿಗಳು ಈ ಸೀಮೆಯ ಬಾರ್ಲಿ ಸೂಪನ್ನು ಕೇಳದೆ ಕುಡಿಯಬೇಡಿ, ಅದರಲ್ಲಿ ಒಣಮಾಂಸದ ಚೂರುಗಳಿರುವುದೇ ಹೆಚ್ಚು.

ಕ್ರೆಸ್ಟಾದ ಬಿಳಿ ಚರ್ಚು ದಾಟಿದ ಮೇಲೆ ಕಾಡಿಲ್ಲ, ಬರೀ ಹುಲ್ಲುಗಾವಲು. ಪಶ್ಚಿಮದ ವಾಲೇ ಪ್ರಾಂತ್ಯದಿಂದ ಹೊರಟ ಜರ್ಮನ್ ಭಾಷಿಕ ವಾಲ್ಸರ್ ರೈತರು 13ನೇ ಶತಮಾನದಲ್ಲಿ ಈ ಆವೆರ್ಸ್ ಕಣಿವೆಯಲ್ಲಿ ನೆಲೆಸಿದರು. ತಗ್ಗಿನ ಒಳ್ಳೆಯ ನೆಲ ಆಗಲೇ ಬೇರೆಯವರ ಕೈಯಲ್ಲಿತ್ತು. ಇವರಿಗೆ ಉಳಿದದ್ದು ಬೆಳೆ ಬಾರದ ಎತ್ತರ, ಆದ್ದರಿಂದ ದನ, ಕುರಿ, ಹುಲ್ಲೇ ಬದುಕು. ಸೌದೆಯಿಲ್ಲದ ಕಡೆ ಒಲೆಗೆ ಏನು ಹಾಕುವುದು? ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕುರಿಗಳ ಕಾಲಡಿ ತುಳಿದು ಗಟ್ಟಿಯಾದ ಗೊಬ್ಬರವನ್ನು ಇಟ್ಟಿಗೆಯಂತೆ ಕತ್ತರಿಸಿ, ಬಿಸಿಲಿಗೆ ಒಣಗಿಸಿ ಉರಿಸುತ್ತಿದ್ದರು. ನಮ್ಮ ಬೆರಣಿಯ ದಾಯಾದಿಯೇ ಅನ್ನಿ, ತಟ್ಟುವ ಕೆಲಸ ಮಾತ್ರ ಕುರಿಗಳದ್ದು.

ಬಿವಿಯೊಗೆ ನಡಿಗೆ ಸುಮಾರು ಮೂರು ಗಂಟೆ. ಹಳ್ಳಿಯ ಹಿಂದಿನಿಂದಲೇ ಏರು ಶುರು: ಸ್ಟಾಲರ್‌ಬೆರ್ಗ್ ಕಣಿವೆದಾರಿ ಸುಮಾರು 2,580 ಮೀಟರ್, ಅಂದರೆ 450 ಮೀಟರ್ ಹತ್ತಿ, 1,769 ಮೀಟರ್‌ನಲ್ಲಿರುವ ಬಿವಿಯೊಗೆ 800 ಮೀಟರ್ ಇಳಿಯಬೇಕು. ಉಸಿರು ಸಾಲದವರಿಗೆ ಈ ದಿಕ್ಕೇ ಸರಿ; ಮಂಡಿ ನೋವಿನವರು ಬಿವಿಯೊದಿಂದ ಹತ್ತಿ ಬರುವುದು ಲೇಸು. ಕಲ್ಲಿನ ಮೇಲಿನ ಬಿಳಿ-ಕೆಂಪು-ಬಿಳಿ ಪಟ್ಟೆ ಹಿಡಿದು ನಡೆಯಿರಿ. ಹಳದಿ ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ಫೋಟೊ ಹುಚ್ಚಿನವರು ಅದಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ.

ಎಡವಟ್ಟಾಗುವುದು ಹೆಚ್ಚಾಗಿ ಮೇಲ್ಭಾಗದಲ್ಲಿ. ಜೂನ್‌ನಲ್ಲಿ ಹಿಮ ಉಳಿದಿದ್ದರೆ ಪಟ್ಟೆಗಳು ಅದರಡಿ ಮುಚ್ಚಿಹೋಗುತ್ತವೆ. ಮಂಜು ಕವಿದರೆ ಮುಂದಿನ ಗುರುತು ಕಾಣುವುದಿಲ್ಲ. ಆಗ ಅಂದಾಜಿನ ಮೇಲೆ ಮುಂದುವರಿಯದೆ ಕಂಡ ಕೊನೆಯ ಪಟ್ಟೆಗೆ ವಾಪಸ್ ಬನ್ನಿ. ಬೇಸಿಗೆಯ ಗುಡುಗು ಮಳೆ ಮಧ್ಯಾಹ್ನದ ಮೇಲೆ ಎರಗುತ್ತದೆ. ಮರವೇ ಇಲ್ಲದ ಬಯಲಲ್ಲಿ ಎತ್ತರದ ವಸ್ತು ನೀವೇ ಆಗಿರುತ್ತೀರಿ, ಹಾಗಾಗಿ ಬೆಳಗಿನ ಬಸ್ಸಿಗೇ ಬನ್ನಿ. ಹೆಲಿಕಾಪ್ಟರ್ ರಕ್ಷಣೆಯ ನಂಬರು 1414.

ಇನ್ನೂ ಗಟ್ಟಿಗರಿಗೆ ಫೋರ್ಚೆಲ್ಲೀನಾ, ಸೆಪ್ಟಿಮರ್, ಲುಂಗಿನ್ ಎಂಬ ಮೂರು ಘಟ್ಟ ದಾಟಿ ಮಲೋಯಾ ಊರಿಗೆ ಇಳಿಯುವ ಇಡೀ ದಿನದ ದಾರಿಯಿದೆ. ಲುಂಗಿನ್ ಮೇಲೆ ಬಿದ್ದ ಮಳೆ ಮೂರು ಪಾಲಾಗಿ ಉತ್ತರ ಸಮುದ್ರ, ಕಪ್ಪು ಸಮುದ್ರ, ಏಡ್ರಿಯಾಟಿಕ್‌ಗೆ ಹರಿಯುತ್ತದೆ.

ಬಿವಿಯೊದಿಂದ ಒಂದು ಬಸ್ಸು ಚೂರ್ ಕಡೆಗೆ, ಇನ್ನೊಂದು ಯೂಲಿಯರ್ ಘಟ್ಟ ಹತ್ತಿ ಸೇಂಟ್ ಮೊರಿಟ್ಸ್‌ಗೆ. ಯಾವ ಬದಿಯ ಸ್ಟಾಪ್‌ನಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ.